ಕಡಲಾಚೆಯ ಮಾಸ್ತರಿಕೆ

ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿರುವ ಮಹಾವೃಕ್ಷಗಳನ್ನು ನೋಡದವರು ನಮ್ಮ ಕಡೆಯಲ್ಲಿ ವಿರಳ. ಹತ್ತಾರು ಜನ ಕೈಕೈ ಹಿಡಿದು ನಿಂತರೂ ತಬ್ಬಲಾಗದ ಬೊಡ್ಡೆ. ಆನೆಯ ಮೈಬಣ್ಣದ ತೊಗಟೆ. ಜನ ಅವನ್ನು ದೊಡ್ಡಹುಣಸೆ ಎಂದು ಕರೆಯುತ್ತಾರಾದರೂ ಅವು ಹುಣಸೆಯ ಕುಲದವಲ್ಲ. ಆಫ್ರಿಕದ ಬಯಲುಗಳಲ್ಲಿ ಬೆಳೆಯುವ ಬಾವೊಬಾಬ್ ಜಾತಿಯವು. ಕಡಲು ದಾಟಿ ಬಂದ ಬೀಜವೊಂದು ನವಾಬರ ಊರಿನ ಮಣ್ಣಿನಲ್ಲಿ ಬೇರೂರಿ, ಶತಮಾನಗಳ ಕಾಲ ನಿಂತು, ನಮ್ಮದೇ ಮರವೆಂಬ ಹೆಸರು ಪಡೆಯಿತು. ಬೀಜಕ್ಕೆ ಸಾಧ್ಯವಾದದ್ದು ಮನುಷ್ಯನಿಗೆ ಅಷ್ಟು ಸುಲಭವಲ್ಲ. ಅವನು ಹೋಗುವಾಗಲೇ ಹಿಂದಿರುಗುವ ದಿನವನ್ನು ಎಣಿಸುತ್ತಾನೆ. ಹಿಂದಿರುಗುವಾಗ ಕೈಯಲ್ಲಿ ಎಷ್ಟಿರುತ್ತದೆ ಎಂಬುದನ್ನೂ ಎಣಿಸುತ್ತಾನೆ.

ಇದೇ ಸವಣೂರಿನಲ್ಲಿ ೧೯೦೯ರಲ್ಲಿ ಜನಿಸಿದ ವಿನಾಯಕ ಕೃಷ್ಣ ಗೋಕಾಕರು ಆಕ್ಸ್‌ಫರ್ಡಿಗೆ ಹೋಗಿ ಇಂಗ್ಲಿಷ್ ಸಾಹಿತ್ಯದಲ್ಲಿ ಪ್ರಥಮ ದರ್ಜೆ ಪಡೆದು ಬಂದರು. ಧಾರವಾಡದ ಕರ್ನಾಟಕ ಕಾಲೇಜಿನ ಪ್ರಾಚಾರ್ಯರಾದರು. ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿ ಇಂಗ್ಲಿಷ್ ಅಧ್ಯಾಪಕರಿಗೇ ಅಧ್ಯಾಪಕರಾದರು. ಶಾಲೆಗಳಲ್ಲಿ ಕನ್ನಡಕ್ಕೆ ಅಗ್ರಸ್ಥಾನ ದೊರೆಯಬೇಕೆಂಬ ಚಳವಳಿಗೆ ೧೯೮೨ರಲ್ಲಿ ಹೆಸರು ಕೊಟ್ಟದ್ದೂ ಅವರ ಸಮಿತಿಯ ವರದಿಯೇ. ಇಂಗ್ಲಿಷನ್ನು ಬಲ್ಲವನು ಕನ್ನಡವನ್ನು ಬಿಡಬೇಕಾಗಿಲ್ಲ, ಕಡಲಾಚೆ ಹೋದವನು ಊರನ್ನು ಮರೆಯಬೇಕಾಗಿಲ್ಲ ಎಂಬುದಕ್ಕೆ ನಮ್ಮ ಭಾಗದವರಿಗೆ ಬೇರೆ ಸಾಕ್ಷಿ ಬೇಡ.

ಗೋಕಾಕರು ಕಲಿಯಲು ಹೋದರು. ಇಂದಿನ ತರುಣರು ಕಲಿಸಲು ಹೋಗುತ್ತಾರೆ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು—ಈ ನಾಲ್ಕು ತಾಲೂಕುಗಳ ಹಳ್ಳಿಹಳ್ಳಿಗಳಲ್ಲಿ ಈಗ ಇಂಗ್ಲಿಷಿನಲ್ಲಿ ಎಂ.ಎ. ಮಾಡಿ, ಬಿ.ಎಡ್. ಮುಗಿಸಿ, ಅತಿಥಿ ಶಿಕ್ಷಕ ಎಂಬ ಸುಂದರವಾದ ಹೆಸರಿನ ಕೆಲಸದಲ್ಲಿರುವ ಯುವಕ ಯುವತಿಯರಿದ್ದಾರೆ. ಅತಿಥಿಗೆ ಊಟ ಹಾಕಿ ಕಳುಹಿಸುವುದು ನಮ್ಮ ಸಂಪ್ರದಾಯ. ಈ ಅತಿಥಿಗಳನ್ನು ಮಾತ್ರ ವರ್ಷದ ಕೊನೆಗೆ ಹಾಗೆಯೇ ಕಳುಹಿಸಿಬಿಡುತ್ತಾರೆ. ಅವರಲ್ಲಿ ಅನೇಕರು ಕೇಳುವ ಪ್ರಶ್ನೆ ಒಂದೇ: “ಸರ್, ಎಲ್ಲಿಗೆ ಹೋದ್ರ ರೊಕ್ಕ ಉಳೀತದ್ರಿ?”

ಕನ್ನಡದ ಅಧ್ಯಾಪಕನಿಗೆ ಈ ಪ್ರಶ್ನೆ ಏಕೆ ಎಂದು ವಾಚಕರು ಕೇಳಬಹುದು. ಶಿಫಾರಸು ಪತ್ರ ಬೇಕೆಂದು ಬಂದವರು ಕರಾರು ಪತ್ರವನ್ನೂ ತಂದು ತೋರಿಸುತ್ತಾರೆ. ತೋರಿಸಿದ ಮೇಲೆ ಓದದೆ ಇರುವುದು ಹೇಗೆ? ಓದುತ್ತ ಓದುತ್ತ, ಕರಾರು ಪತ್ರವೂ ಒಂದು ಸಾಹಿತ್ಯಪ್ರಕಾರವೆಂದೂ, ಅದರಲ್ಲಿ ವಾಚ್ಯಾರ್ಥಕ್ಕಿಂತ ಧ್ವನ್ಯರ್ಥವೇ ಪ್ರಧಾನವೆಂದೂ ನನಗೆ ಮನವರಿಕೆಯಾಗಿದೆ.

ಮೂವರನ್ನು ಉದಾಹರಿಸುತ್ತೇನೆ. ಹಿರೇಕೆರೂರು ತಾಲೂಕಿನ ಒಬ್ಬ ರೈತನ ಮಗ. ನಾಲ್ಕು ಎಕರೆ ಗೋವಿನಜೋಳ, ಸೊಸೈಟಿಯ ಸಾಲ, ಮದುವೆಗೆ ಬಂದಿರುವ ತಂಗಿ. ಶಿಗ್ಗಾವಿಯ ಒಬ್ಬ ಗೃಹಿಣಿ. ತಾನು ಇಂಗ್ಲಿಷ್ ಶಿಕ್ಷಕಿ, ಗಂಡ ಲೆಕ್ಕಪತ್ರದ ಕೆಲಸದವನು, ಆರು ವರ್ಷದ ಒಂದು ಮಗು. ಹಾನಗಲ್ಲಿನ ಒಬ್ಬ ತರುಣಿ. ಒಬ್ಬಳೇ ಮಗಳು, ತಂದೆಗೆ ಪಾರ್ಶ್ವವಾಯು. ಮೂವರ ಪದವಿಯೂ ಒಂದೇ, ಪ್ರಶ್ನೆಯೂ ಒಂದೇ. ಆದರೆ ಉತ್ತರ ಮೂರು ಬಗೆಯದಾಗಬೇಕಾಯಿತು. ಅದು ಹೇಗೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಹಿಂದಿನವರು ಹೋದ ದಾರಿ

ಪರದೇಶದ ಮಾಸ್ತರಿಕೆ ಹೊಸದೇನಲ್ಲ. ೧೯೫೬ರಲ್ಲಿ ಇಥಿಯೋಪಿಯದ ಚಕ್ರವರ್ತಿ ಹೈಲೆ ಸೆಲಾಸಿಯವರು ಭಾರತಕ್ಕೆ ಭೇಟಿಯಿತ್ತರು. ಅವರ ದೇಶದ ಪ್ರೌಢಶಾಲೆಗಳಲ್ಲಿ ಇಂಗ್ಲಿಷೇ ಬೋಧನಭಾಷೆ. ಅಧ್ಯಾಪಕರ ಕೊರತೆಯೋ ಹೇಳತೀರದು. ಐವತ್ತು, ಅರವತ್ತರ ದಶಕಗಳಲ್ಲಿ ಭಾರತದ ಅಧ್ಯಾಪಕರು ಅಲ್ಲಿನ ಗುಡ್ಡಗಾಡಿನ ಪಟ್ಟಣಗಳಲ್ಲೆಲ್ಲ ಪಾಠ ಹೇಳಿದರು.

ಉಳಿತಾಯವೆಂಬುದು ಎಷ್ಟು ವಿಚಿತ್ರವಾದ ವಸ್ತು ಎಂಬುದನ್ನು ಆ ಅಧ್ಯಾಪಕರ ಅನುಭವ ತೋರಿಸುತ್ತದೆ. ಆಗ ಎರಡೂವರೆ ಇಥಿಯೋಪಿಯ ಡಾಲರು ಒಂದು ಅಮೆರಿಕನ್ ಡಾಲರಿಗೆ ಸಮ. ನಮ್ಮ ರೂಪಾಯಿ ಅಮೆರಿಕನ್ ಡಾಲರಿಗೆ ೪.೭೬ ಇತ್ತು. ೧೯೬೬ರ ಜೂನ್ ೬ರಂದು ಭಾರತ ಸರಕಾರ ರೂಪಾಯಿಯ ಬೆಲೆಯನ್ನು ೭.೫೦ಕ್ಕೆ ಇಳಿಸಿತು. ಹಿಂದಿನ ದಿನ ನೂರು ಇಥಿಯೋಪಿಯ ಡಾಲರು ಉಳಿಸಿದವನಿಗೆ ಊರಿನಲ್ಲಿ ಸಿಗುತ್ತಿದ್ದುದು ೧೯೦ ರೂಪಾಯಿ, ಮರುದಿನ ೩೦೦. ಅವನು ಒಂದು ತಾಸು ಹೆಚ್ಚು ಪಾಠ ಹೇಳಲಿಲ್ಲ, ಒಂದು ಹೊತ್ತು ಕಡಿಮೆ ಉಣ್ಣಲಿಲ್ಲ. ಆದರೆ ೧೯೭೪ರಲ್ಲಿ ಕ್ರಾಂತಿಯಾಗಿ ಚಕ್ರವರ್ತಿಯ ಸಿಂಹಾಸನವೇ ಉರುಳಿತು. ಆ ಕಾಲದ ಸುಖವೂ ಮುಗಿಯಿತು.

ಮುಂದಿನ ಸರದಿ ನೈಜೀರಿಯದ್ದು. ಎಣ್ಣೆಯ ಹಣ ಹರಿದು ಬಂದ ಆ ದೇಶ ೧೯೭೬ರಲ್ಲಿ ಸಾರ್ವತ್ರಿಕ ಪ್ರಾಥಮಿಕ ಶಿಕ್ಷಣವನ್ನು ಆರಂಭಿಸಿತು. ಭಾರತದಿಂದಲೂ ಅಧ್ಯಾಪಕರು ಹೋದರು. ಎಂಬತ್ತರ ದಶಕದ ಆರಂಭದಲ್ಲಿ ಅಲ್ಲಿನ ಒಂದು ನೈರಾ ಅಮೆರಿಕನ್ ಡಾಲರಿಗಿಂತ ಬೆಲೆಯುಳ್ಳದ್ದಾಗಿತ್ತು. ೧೯೮೬ರಲ್ಲಿ ವಿನಿಮಯದ ಕಟ್ಟು ಸಡಿಲಿಸಿದಾಗ ವರ್ಷ ಮುಗಿಯುವುದರೊಳಗೆ ಡಾಲರಿಗೆ ಮೂರು ನೈರಾ ಮೀರಿತು. ತಿಂಗಳು ತಿಂಗಳೂ ಊರಿಗೆ ಕಳುಹಿಸಿದವರು ಉಳಿದರು. ‘ಹೋಗುವಾಗ ಒಟ್ಟಿಗೆ ಒಯ್ಯೋಣ’ ಎಂದು ಅಲ್ಲಿನ ಬ್ಯಾಂಕಿನಲ್ಲಿಯೇ ಇಟ್ಟವರ ಗಂಟು ಕಣ್ಣೆದುರಿಗೇ ಕರಗಿತು.

ಇನ್ನು ೧೯೯೦ರ ಆಗಸ್ಟಿನಲ್ಲಿ ಇರಾಕ್ ಸೇನೆ ಕುವೈತನ್ನು ನುಂಗಿದಾಗ ಸುಮಾರು ೧,೭೦,೦೦೦ ಭಾರತೀಯರನ್ನು ತಾಯ್ನಾಡಿಗೆ ಕರೆತರಬೇಕಾಯಿತು. ಅವರಲ್ಲಿ ಅನೇಕರು ಉಟ್ಟ ಬಟ್ಟೆಯಲ್ಲಿ ಬಂದವರು.

ಈ ಮೂರು ಕಥೆಗಳ ಸಾರ ಇಷ್ಟೇ: ಸಂಪಾದಿಸುವುದು ಒಂದು ವಿದ್ಯೆ, ಸಂಪಾದಿಸಿದ್ದನ್ನು ಊರಿಗೆ ಮುಟ್ಟಿಸುವುದು ಇನ್ನೊಂದು ವಿದ್ಯೆ. ದೇಶವನ್ನು ಆರಿಸುವವನು ಎರಡನ್ನೂ ಕೇಳಬೇಕು.

ಸಂಬಳ ಬೇರೆ, ಉಳಿತಾಯ ಬೇರೆ

ನಮ್ಮ ತರುಣರು ಮೊದಲು ನೋಡುವುದು ಸಂಬಳದ ಅಂಕೆಯನ್ನು. ಅದನ್ನು ರೂಪಾಯಿಗೆ ಗುಣಿಸಿ, ಮನೆಯವರಿಗೆ ಹೇಳಿ, ಓಣಿಯವರಿಗೂ ತಿಳಿಯುವಂತೆ ಮಾಡುತ್ತಾರೆ. ಆ ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಗುಣಾಕಾರಕ್ಕೆ ಮೊದಲು ವ್ಯವಕಲನ ಮಾಡಬೇಕೆಂಬುದನ್ನು ಮರೆಯುತ್ತಾರೆ.

ಒಂದು ದೇಶದ ಸಂಬಳವನ್ನು ನೂರು ಪಾಲು ಎಂದಿಟ್ಟುಕೊಳ್ಳೋಣ. ಕೋಣೆಯ ಬಾಡಿಗೆಗೆ ಮೂವತ್ತೈದು, ಊಟಕ್ಕೆ ಹದಿನೈದು, ಬಸ್ಸು ಫೋನುಗಳಿಗೆ ಹತ್ತು, ಉಳಿದದ್ದು ನಲವತ್ತು. ಇನ್ನೊಂದು ದೇಶದಲ್ಲಿ ಸಂಬಳ ಅರವತ್ತೇ ಪಾಲು. ಆದರೆ ಶಾಲೆಯೇ ಕೋಣೆ ಕೊಡುತ್ತದೆ, ನಡೆದು ಹೋಗುವಷ್ಟು ಹತ್ತಿರ. ಊಟಕ್ಕೆ ಹದಿನೈದು, ಇತರಕ್ಕೆ ಐದು. ಉಳಿದದ್ದು ಇಲ್ಲಿಯೂ ನಲವತ್ತೇ. ವರ್ಷಕ್ಕೊಮ್ಮೆ ವಿಮಾನದ ಟಿಕೇಟನ್ನು ಎರಡನೆಯ ಶಾಲೆ ಕೊಟ್ಟು, ಮೊದಲನೆಯದು ಕೊಡದಿದ್ದರೆ, ಸಣ್ಣ ಸಂಬಳದವನೇ ಗೆದ್ದಂತೆ. ‘ಎಷ್ಟು ಕೊಡುತ್ತಾರೆ?’ ಎಂಬುದಕ್ಕಿಂತ ‘ಏನೇನನ್ನು ಅವರೇ ಕೊಡುತ್ತಾರೆ?’ ಎಂಬ ಪ್ರಶ್ನೆ ಮುಖ್ಯ.

ಸಂಬಳದೊಳಗೂ ಒಂದು ಗುಟ್ಟುಂಟು. ದುಬೈ, ಅಬುಧಾಬಿ, ಶಾರ್ಜಾಗಳನ್ನೊಳಗೊಂಡ ಸಂಯುಕ್ತ ಅರಬ್ ಸಂಸ್ಥಾನದ ಕಾಯಿದೆಯಂತೆ, ಕೆಲಸ ಬಿಡುವಾಗ ಮೊದಲ ಐದು ವರ್ಷಗಳಿಗೆ ವರ್ಷವೊಂದಕ್ಕೆ ೨೧ ದಿನಗಳ, ಅನಂತರದ ವರ್ಷಗಳಿಗೆ ೩೦ ದಿನಗಳ ಸಂಬಳವನ್ನು ಉಪದಾನವಾಗಿ ಕೊಡಬೇಕು. ಆದರೆ ಇದನ್ನು ಲೆಕ್ಕ ಹಾಕುವುದು ಮೂಲ ವೇತನದ ಮೇಲೆ ಮಾತ್ರ, ಭತ್ಯೆಗಳ ಮೇಲಲ್ಲ. ಇಬ್ಬರು ಶಿಕ್ಷಕಿಯರಿಗೂ ಒಟ್ಟು ೪,೦೦೦ ದಿರ್ಹಮ್ ಸಂಬಳವೆನ್ನೋಣ. ಒಬ್ಬಳ ಕರಾರಿನಲ್ಲಿ ಮೂಲ ವೇತನ ೧,೫೦೦, ಇನ್ನೊಬ್ಬಳದರಲ್ಲಿ ೨,೫೦೦. ಐದು ವರ್ಷಗಳಾದ ಮೇಲೆ ಮೊದಲನೆಯವಳಿಗೆ ಸಿಗುವುದು ೫,೨೫೦, ಎರಡನೆಯವಳಿಗೆ ೮,೭೫೦. ತಿಂಗಳ ಸಂಬಳದಲ್ಲಿ ಕಾಣದ ೩,೫೦೦ ದಿರ್ಹಮ್ಮುಗಳ ಅಂತರ ಕರಾರಿನ ಒಂದು ಸಾಲಿನಲ್ಲಿ ಅಡಗಿ ಕುಳಿತಿತ್ತು. ಧ್ವನ್ಯರ್ಥವೆಂದು ನಾನು ಹೇಳಿದ್ದು ಇದನ್ನೇ.

ದೇಶ ದೇಶಗಳ ಗುಣಾವಗುಣ

ಮೊದಲು ಅರಬಸ್ಥಾನದ ಕಡೆ ನೋಡೋಣ. ನಮ್ಮ ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯ, ಅಂದರೆ ಸಿ.ಬಿ.ಎಸ್.ಇ.ಯ ಮನ್ನಣೆ ಪಡೆದ ಶಾಲೆಗಳು ಹೊರದೇಶಗಳಲ್ಲಿ ಇನ್ನೂರಕ್ಕೂ ಹೆಚ್ಚಿವೆ. ಅವುಗಳಲ್ಲಿ ಬಹುಪಾಲು ಕೊಲ್ಲಿ ರಾಷ್ಟ್ರಗಳಲ್ಲಿವೆ. ಬಿ.ಎಡ್. ಆದ ಭಾರತೀಯನಿಗೆ ಹೆಚ್ಚು ಸಹಜವಾದ ಬಾಗಿಲು ಇದೇ. ಅಲ್ಲಿನ ಪಠ್ಯ ಪರಿಚಿತ, ಮಕ್ಕಳು ನಮ್ಮವರೇ. ಅಲ್ಲಿನ ಹಣವೂ ಡಾಲರಿಗೆ ಗಂಟು ಹಾಕಿಕೊಂಡದ್ದು: ಒಂದು ಡಾಲರಿಗೆ ದಿರ್ಹಮ್ ೩.೬೭, ಸೌದಿ ರಿಯಾಲ್ ೩.೭೫. ನೈಜೀರಿಯದವರಿಗೆ ಬಂದ ಗತಿ ಇಲ್ಲಿ ಸುಲಭವಾಗಿ ಬರುವುದಿಲ್ಲ. ಸಂಬಳದ ಮೇಲೆ ವರಮಾನ ತೆರಿಗೆಯಿಲ್ಲ. ಒಮಾನ್ ಮಾತ್ರ ೨೦೨೮ರಿಂದ ತೆರಿಗೆ ವಿಧಿಸುವುದಾಗಿ ೨೦೨೫ರಲ್ಲಿ ಸಾರಿದೆ. ಅದೂ ವರ್ಷಕ್ಕೆ ೪೨,೦೦೦ ರಿಯಾಲ್ ಮೀರಿದ ವರಮಾನಕ್ಕೆ. ನಮ್ಮ ಮಾಸ್ತರರು ಅದಕ್ಕಾಗಿ ನಿದ್ದೆಗೆಡಬೇಕಾಗಿಲ್ಲ.

ಆದರೆ ಒಂಟಿಗನ ಲೆಕ್ಕವೇ ಬೇರೆ, ಸಂಸಾರಸ್ಥನ ಲೆಕ್ಕವೇ ಬೇರೆ. ಸೌದಿ ಅರೇಬಿಯ ೨೦೧೭ರಲ್ಲಿ, ಹೊರದೇಶದ ನೌಕರನ ಅವಲಂಬಿತರ ತಲೆಗೆ ತಿಂಗಳಿಗೆ ೧೦೦ ರಿಯಾಲ್ ಶುಲ್ಕ ವಿಧಿಸಿತು. ವರ್ಷವರ್ಷವೂ ಏರಿ ೨೦೨೦ರಲ್ಲಿ ಅದು ೪೦೦ ಆಯಿತು. ಹೆಂಡತಿ ಮತ್ತು ಇಬ್ಬರು ಮಕ್ಕಳೆಂದರೆ ವರ್ಷಕ್ಕೆ ೧೪,೪೦೦ ರಿಯಾಲ್. ಒಬ್ಬ ಸಾಮಾನ್ಯ ಶಿಕ್ಷಕನ ಕೆಲವು ತಿಂಗಳ ಸಂಬಳ ಹೆಂಡಿರು ಮಕ್ಕಳ ಮುಖ ನೋಡುವುದಕ್ಕೇ ಸಂದಾಯವಾಗುತ್ತದೆ.

ಇನ್ನು ಮಾಲ್ದೀವ್. ಸಾವಿರಕ್ಕೂ ಮಿಕ್ಕ ದ್ವೀಪಗಳು; ಜನವಸತಿಯಿರುವವು ಇನ್ನೂರರೊಳಗೆ. ಶಾಲೆಗಳಲ್ಲಿ ಇಂಗ್ಲಿಷೇ ಬೋಧನಭಾಷೆ. ಭಾರತದ ಅಧ್ಯಾಪಕರಿಗೆ ಅಲ್ಲಿ ಬಹುಕಾಲದ ಪರಿಚಯ. ಸಣ್ಣ ದ್ವೀಪದಲ್ಲಿ ಖರ್ಚು ಮಾಡಬೇಕೆಂದರೂ ಅಂಗಡಿಯಿಲ್ಲ. ಆದ್ದರಿಂದ ಉಳಿತಾಯ ತಾನಾಗಿಯೇ ಆಗುತ್ತದೆ. ರಾಜಧಾನಿ ಮಾಲೆಯಲ್ಲಿ ಮಾತ್ರ ಬಾಡಿಗೆ ಸಂಬಳವನ್ನು ತಿನ್ನುತ್ತದೆ. ತೊಡಕಿರುವುದು ಹಣ ಕಳುಹಿಸುವಲ್ಲಿ. ಸಂಬಳ ಬರುವುದು ರುಫಿಯಾದಲ್ಲಿ. ಊರಿಗೆ ಕಳುಹಿಸಲು ಡಾಲರು ಬೇಕು. ಡಾಲರಿಗೆ ಅಲ್ಲಿ ತೀವ್ರ ಅಭಾವ. ಬ್ಯಾಂಕಿನ ದರ ಡಾಲರಿಗೆ ೧೫.೪೨ ರುಫಿಯಾ, ಪೇಟೆಯಲ್ಲಿ ಕೊಳ್ಳಹೋದರೆ ಅದಕ್ಕಿಂತ ಬಹಳ ಹೆಚ್ಚು. ಬ್ಯಾಂಕಿನ ಮೂಲಕ ತಿಂಗಳಿಗೆ ಇಷ್ಟೇ ಕಳುಹಿಸಬಹುದೆಂಬ ಮಿತಿಗಳೂ ಬಂದಿವೆ. ಕಾಗದದ ಮೇಲೆ ಉಳಿದ ಹಣ ಕಾಗದದ ಮೇಲೆಯೇ ಉಳಿಯುವ ಅಪಾಯವಿದೆ. ಅಲ್ಲಿಗೆ ಹೋಗುವವರು ‘ತಿಂಗಳಿಗೆ ಎಷ್ಟನ್ನು, ಯಾವ ದರದಲ್ಲಿ ಕಳುಹಿಸಲಾಗುತ್ತಿದೆ?’ ಎಂದು ಈಗ ಅಲ್ಲಿರುವವರನ್ನೇ ಕೇಳಿ ಹೊರಡಬೇಕು.

ಭೂತಾನಕ್ಕೆ ಕಡಲು ದಾಟಬೇಕಾಗಿಲ್ಲ, ಬೆಟ್ಟ ಹತ್ತಬೇಕು. ೧೯೬೧ರಲ್ಲಿ ಆರಂಭವಾದ ಅದರ ಪ್ರಥಮ ಪಂಚವಾರ್ಷಿಕ ಯೋಜನೆಯ ಕಾಲದಿಂದಲೂ ಭಾರತೀಯ ಅಧ್ಯಾಪಕರು ಅಲ್ಲಿ ಇಂಗ್ಲಿಷಿನಲ್ಲಿ ಪಾಠ ಹೇಳಿದ್ದಾರೆ. ಅಲ್ಲಿನ ಙುಲ್ಟ್ರಮ್ ನಾಣ್ಯ ೧೯೭೪ರಿಂದ ನಮ್ಮ ರೂಪಾಯಿಗೆ ಸರಿಸಮ. ವಿನಿಮಯದಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ರಾತ್ರಿ ನೆಮ್ಮದಿಯಿಂದ ಮಲಗಬಹುದು. ಈಚಿನ ವರ್ಷಗಳಲ್ಲಿ ಅಲ್ಲಿನ ಅಧ್ಯಾಪಕರೇ ಆಸ್ಟ್ರೇಲಿಯಕ್ಕೆ ವಲಸೆ ಹೋಗುತ್ತಿರುವುದರಿಂದ ಶಾಲೆಗಳಲ್ಲಿ ಕೊರತೆಯೂ ಇದೆ. ದೊಡ್ಡ ಗಂಟು ಕಟ್ಟುವ ದೇಶವಲ್ಲ. ಅನುಭವ ಗಳಿಸಿ, ಸಾಲ ಮಾಡದೆ ಹಿಂದಿರುಗುವ ದೇಶ.

ಪೂರ್ವ ಏಷ್ಯದ ಕಡೆಗೆ ಹೊರಡುವವರು ಒಂದು ಕಹಿ ಸತ್ಯವನ್ನು ನುಂಗಿಕೊಂಡು ಹೊರಡಬೇಕು. ಅಲ್ಲಿ ಇಂಗ್ಲಿಷು ಕಲಿಸಲು ಇಂಗ್ಲಿಷು ಬಂದರೆ ಸಾಲದು. ಇಂಗ್ಲಿಷಿನ ನಾಡಿನಲ್ಲಿ ಹುಟ್ಟಿರಬೇಕು. ದಕ್ಷಿಣ ಕೊರಿಯ ತನ್ನ ಭಾಷಾಶಿಕ್ಷಕರ ವೀಸಾವನ್ನು ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯ, ನ್ಯೂಜಿಲೆಂಡ್, ಐರ್ಲೆಂಡ್, ದಕ್ಷಿಣ ಆಫ್ರಿಕ ಈ ಏಳು ದೇಶದವರಿಗೆ ಮೀಸಲಿಟ್ಟಿದೆ. ೨೦೧೦ರಲ್ಲಿ ಜಾರಿಗೆ ಬಂದ ಭಾರತ-ಕೊರಿಯ ಆರ್ಥಿಕ ಒಪ್ಪಂದವು ಶಿಕ್ಷಕ ಅರ್ಹತೆಯುಳ್ಳ ಭಾರತೀಯರಿಗೆ ಸಹಾಯಕ ಶಿಕ್ಷಕರಾಗಿ ಒಂದು ಕಿಂಡಿಯನ್ನು ತೆರೆದಿದೆ, ಕಿಂಡಿ ಸಣ್ಣದು. ಚೀನವೂ ಮಾತೃಭಾಷಿಕರನ್ನೇ ಬೇಡುತ್ತದೆ. ಅಲ್ಲದೆ ೨೦೨೧ರ ಜುಲೈಯಲ್ಲಿ ಅಲ್ಲಿನ ಸರಕಾರ ಮನೆಪಾಠದ ಸಂಸ್ಥೆಗಳ ಮೇಲೆ ಕಡಿವಾಣ ಹಾಕಿದ್ದರಿಂದ ಅನೇಕ ಕೇಂದ್ರಗಳು ಮುಚ್ಚಿಹೋದವು. ಥಾಯ್ಲೆಂಡಿನಲ್ಲಿ ಭಾರತೀಯರಿಗೆ ಕೆಲಸ ಸಿಗುವುದುಂಟು. ಆದರೆ ಒಂದೇ ಶಾಲೆಯಲ್ಲಿ ಬಿಳಿಯರಿಗೊಂದು, ಇತರರಿಗೊಂದು ಸಂಬಳದ ಪಟ್ಟಿಯಿರುವುದೂ ಉಂಟು.

ಇಂಗ್ಲೆಂಡಂತೂ ೨೦೨೩ರ ಫೆಬ್ರವರಿಯಿಂದ ಭಾರತದ ಅರ್ಹ ಶಿಕ್ಷಕರಿಗೆ ತನ್ನ ಶಿಕ್ಷಕ ಮಾನ್ಯತೆಯ ಬಾಗಿಲನ್ನು ತೆರೆಯಿತು: ಗಣಿತ, ವಿಜ್ಞಾನ ಮತ್ತು ಪರಭಾಷೆಗಳ ಶಿಕ್ಷಕರಿಗೆ. ಇಂಗ್ಲಿಷು ಆ ಪಟ್ಟಿಯಲ್ಲಿಲ್ಲ. ಇಂಗ್ಲಿಷರಿಗೆ ಇಂಗ್ಲಿಷು ಕಲಿಸುವ ಭಾಗ್ಯ ಸದ್ಯಕ್ಕೆ ನಮಗಿಲ್ಲ!

ಇದರಿಂದ ಅವಮಾನಪಡಬೇಕಾದ ಕಾರಣವಿಲ್ಲ. ಕನ್ನಡ ಮಾಧ್ಯಮದಲ್ಲಿ ಏಳನೆಯ ಇಯತ್ತೆಯವರೆಗೆ ಓದಿ, ವ್ಯಾಕರಣದ ಒಂದೊಂದು ಮೆಟ್ಟಿಲನ್ನೂ ಎಡವಿ ಎಡವಿ ಹತ್ತಿದವನಿಗೆ ಕಲಿಯುವ ಮಗು ಎಲ್ಲಿ ಎಡವುತ್ತದೆಂಬುದು ತಿಳಿದಿರುತ್ತದೆ. ದಾರಿಯ ಕಲ್ಲು ಎಡವಿದವನಿಗೇ ಗೊತ್ತು. ಪಲ್ಲಕ್ಕಿಯಲ್ಲಿ ಬಂದವನಿಗೆ ಗೊತ್ತಿಲ್ಲ. ಸಂದರ್ಶನದಲ್ಲಿ ಈ ಮಾತನ್ನು ಧೈರ್ಯವಾಗಿ ಹೇಳಬೇಕು.

ಹೊರಡುವ ಮೊದಲೇ ಸೋರುವ ಹಣ

ಉಳಿತಾಯ ಆರಂಭವಾಗುವುದು ಪರದೇಶದಲ್ಲಲ್ಲ, ನಮ್ಮ ಊರಿನ ಬಸ್ ನಿಲ್ದಾಣದಲ್ಲಿ. ಸವಣೂರಿನ ಒಬ್ಬ ತರುಣ ಒಬ್ಬ ಮಧ್ಯವರ್ತಿಗೆ ಎರಡು ಲಕ್ಷ ರೂಪಾಯಿ ಕೊಟ್ಟು, ‘ಶಾಲೆಯ ಕೆಲಸ ಖಾತ್ರಿ’ ಎಂಬ ಮಾತನ್ನು ನಂಬಿ, ಪ್ರವಾಸಿಯ ವೀಸಾದ ಮೇಲೆ ವಿಮಾನವೇರಿದ. ಪ್ರವಾಸಿಯ ವೀಸಾದಲ್ಲಿ ಪಾಠ ಹೇಳುವುದು ಅಲ್ಲಿ ಅಪರಾಧ. ಎರಡು ತಿಂಗಳು ಎಂಟು ಜನರ ಕೋಣೆಯಲ್ಲಿ ಕಳೆದು ಹಿಂದಿರುಗಿದ. ಕೊಟ್ಟ ಹಣ ಕೈಗಡ. ನೂರಕ್ಕೆ ಎರಡರ ಬಡ್ಡಿ. ತಿಂಗಳಿಗೆ ನಾಲ್ಕು ಸಾವಿರ, ವರ್ಷಕ್ಕೆ ನಲವತ್ತೆಂಟು ಸಾವಿರ. ಅವನ ತಾಯಿಯ ಕೊರಳಿನ ಸರ ಇನ್ನೂ ಬ್ಯಾಂಕಿನಲ್ಲಿದೆ. ಕೆಲಸವೇ ಸಿಕ್ಕಿದ್ದರೂ ಮೊದಲ ವರ್ಷದ ಉಳಿತಾಯದ ಬಹುಭಾಗ ಆ ಬಡ್ಡಿಗೇ ಹೋಗುತ್ತಿತ್ತು.

೧೯೮೩ರ ಎಮಿಗ್ರೇಶನ್ ಕಾಯಿದೆಯಂತೆ, ಪರದೇಶದ ಕೆಲಸಕ್ಕೆ ಜನರನ್ನು ಕಳುಹಿಸುವ ಏಜೆಂಟನು ಭಾರತ ಸರಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. ಸೇವಾಶುಲ್ಕವೆಂದು ೩೦,೦೦೦ ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ.ಗಿಂತ ಹೆಚ್ಚು ಪಡೆಯಕೂಡದು. ಸಂಯುಕ್ತ ಅರಬ್ ಸಂಸ್ಥಾನದ ಕಾಯಿದೆಯೂ ನೇಮಕಾತಿಯ ಖರ್ಚನ್ನು ನೌಕರನ ಮೇಲೆ ಹೊರಿಸಕೂಡದೆನ್ನುತ್ತದೆ. ಏಜೆಂಟನ ನೋಂದಣಿ ಸಂಖ್ಯೆಯನ್ನು ಕೇಳುವುದು ಅಸಭ್ಯತೆಯಲ್ಲ. ಕೇಳಿದೊಡನೆ ಅವನು ಮುಖ ಸಿಂಡರಿಸಿದರೆ ಎದ್ದು ಬರುವುದೇ ಲೇಸು.

ಪ್ರಮಾಣಪತ್ರಗಳದು ಇನ್ನೊಂದು ಯಾತ್ರೆ. ಪದವಿಯ ಪತ್ರಗಳನ್ನು ರಾಜ್ಯಮಟ್ಟದಲ್ಲಿ ದೃಢೀಕರಿಸಿ, ವಿದೇಶಾಂಗ ಮಂತ್ರಾಲಯದ ಮುದ್ರೆ ಪಡೆಯಬೇಕು. ಭಾರತವು ೨೦೦೫ರಿಂದ ಹೇಗ್ ಅಪಾಸ್ಟಿಲ್ ಒಪ್ಪಂದಕ್ಕೆ ಸೇರಿರುವುದರಿಂದ ಒಮಾನ್, ಸೌದಿ ಅರೇಬಿಯ, ಕೊರಿಯ ಮೊದಲಾದ ಸದಸ್ಯ ದೇಶಗಳಿಗೆ ಆ ಒಂದು ಮುದ್ರೆ ಸಾಕು. ದುಬೈಯಂಥ ಕಡೆಗೆ ಆ ದೇಶದ ರಾಯಭಾರ ಕಚೇರಿಯ ದೃಢೀಕರಣವೂ ಬೇಕು. ಕೆಲಸ ಸಿಕ್ಕ ಮೇಲೆ ಮಾಡಿಸೋಣವೆಂದು ಕುಳಿತವರು ತುರ್ತಿನ ಹೆಸರಿನಲ್ಲಿ ದುಪ್ಪಟ್ಟು ತೆತ್ತದ್ದುಂಟು. ಪದವಿಪತ್ರದಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಕಾಗುಣಿತವಿದ್ದರಂತೂ ಅಲೆದಾಟಕ್ಕೆ ಕೊನೆಯಿಲ್ಲ. ನಮ್ಮ ಕಡೆಯ ಅಡ್ಡಹೆಸರುಗಳನ್ನು ಇಂಗ್ಲಿಷಿನಲ್ಲಿ ಐದು ಬಗೆಯಾಗಿ ಬರೆಯಬಹುದು, ಐದನ್ನೂ ಬರೆದವರಿದ್ದಾರೆ.

ಊರಿನ ಕಡೆಯ ಲೆಕ್ಕ

ಹಣ ಊರಿಗೆ ಬಂದಿತೆನ್ನೋಣ. ಬಂದ ಮೇಲೆ ಎಲ್ಲಿಡಬೇಕು? ಕೆಲಸಕ್ಕಾಗಿ ಹೊರಟ ಭಾರತೀಯನು ಒಂದು ಆರ್ಥಿಕ ವರ್ಷದಲ್ಲಿ ಭಾರತದೊಳಗೆ ೧೮೨ ದಿನಗಳಿಗಿಂತ ಕಡಿಮೆ ಇದ್ದರೆ, ಆ ವರ್ಷ ಅವನು ಅನಿವಾಸಿ. ಅವನು ಪರದೇಶದಲ್ಲಿ ದುಡಿದು ಅಲ್ಲಿಯೇ ಪಡೆದ ಸಂಬಳಕ್ಕೆ ಇಲ್ಲಿ ತೆರಿಗೆಯಿಲ್ಲ. ಏಪ್ರಿಲ್‌ನಲ್ಲಿ ಶಾಲೆ ಸೇರಿದವನಿಗೂ ಡಿಸೆಂಬರಿನಲ್ಲಿ ಸೇರಿದವನಿಗೂ ಮೊದಲ ವರ್ಷದ ತೆರಿಗೆಯಲ್ಲಿ ಅಂತರವಾಗುವುದು ಹೀಗೆ. ಎನ್.ಆರ್.ಇ. ಖಾತೆಯಲ್ಲಿಟ್ಟ ಹಣದ ಬಡ್ಡಿಗೂ ಅನಿವಾಸಿಯಾಗಿರುವವರೆಗೆ ತೆರಿಗೆಯಿಲ್ಲ. ಊರಿನ ಹಳೆಯ ಉಳಿತಾಯ ಖಾತೆಯನ್ನು ಹಾಗೆಯೇ ಬಿಡುವಂತಿಲ್ಲ, ಎನ್.ಆರ್.ಓ. ಖಾತೆಯಾಗಿ ಬದಲಾಯಿಸಬೇಕು.

ನಮ್ಮ ರೈತ ಮನೆತನಗಳು ತಿಳಿಯಲೇಬೇಕಾದ ಸಂಗತಿ ಇನ್ನೊಂದಿದೆ. ಪರದೇಶದಲ್ಲಿ ದುಡಿದು ಊರಲ್ಲಿ ಹೊಲ ಕೊಳ್ಳಬೇಕೆಂಬುದು ಎಲ್ಲರ ಕನಸು. ಆದರೆ ಅನಿವಾಸಿಯಾಗಿರುವಾಗ ಕೃಷಿಭೂಮಿಯನ್ನು ಕೊಳ್ಳಲು ವಿದೇಶ ವಿನಿಮಯದ ನಿಯಮಗಳು ಅನುಮತಿ ಕೊಡುವುದಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಹಾಗಾಗಿ ಮಗ ಹಣ ಕಳುಹಿಸುತ್ತಾನೆ, ಹೊಲ ತಂದೆಯ ಹೆಸರಿಗಾಗುತ್ತದೆ. ತಂದೆಯ ತರುವಾಯ ಅದು ಎಲ್ಲ ಮಕ್ಕಳ ಪಾಲಿನದಾಗುತ್ತದೆ. ಯಾರ ದುಡಿಮೆ, ಯಾರ ಹಕ್ಕು ಎಂಬ ಮಾತು ಕೋರ್ಟಿನ ಕಟ್ಟೆ ಹತ್ತುತ್ತದೆ. ಅಣ್ಣತಮ್ಮಂದಿರು ಒಂದೇ ಅಂಗಳದಲ್ಲಿ ಕುಳಿತು ಉಣ್ಣುತ್ತಿರುವಾಗಲೇ ಈ ಮಾತನ್ನು ಆಡಿ ಮುಗಿಸುವುದು ಒಳ್ಳೆಯದು.

ಕೊನೆಯದಾಗಿ, ಊರಿನಲ್ಲಿ ಬಿಟ್ಟು ಹೋಗುವುದಕ್ಕೂ ಬೆಲೆಯಿದೆ. ೨೦೨೨ರಲ್ಲಿ ಕರ್ನಾಟಕ ಸರಕಾರ ೧೫,೦೦೦ ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಅರ್ಜಿ ಕರೆಯಿತು. ಇಂಥ ಅವಕಾಶ ಆಗಾಗ ಬರುವುದಿಲ್ಲ. ಬಂದಾಗ ಪರದೇಶದಲ್ಲಿರುವ ಅನೇಕರಿಗೆ ಪರೀಕ್ಷೆಗೆ ಬರಲು ರಜೆ ಸಿಗುವುದಿಲ್ಲ. ವಯೋಮಿತಿ ಯಾರಿಗೂ ಕಾಯುವುದಿಲ್ಲ. ಐದು ವರ್ಷಗಳ ಉಳಿತಾಯದ ಎದುರಿಗೆ ಮೂವತ್ತು ವರ್ಷಗಳ ಖಾಯಂ ಕೆಲಸವನ್ನಿಟ್ಟು ತೂಗಬೇಕಾದ ತಕ್ಕಡಿ ಇದು.

ಮೂವರ ನಿರ್ಣಯ

ಶಿಗ್ಗಾವಿಯ ಗೃಹಿಣಿಗೆ ಸೌದಿಯ ಶಾಲೆಯಿಂದ ಕರೆ ಬಂದಿತ್ತು, ಸಂಬಳವೂ ಚೆನ್ನಾಗಿತ್ತು. ಗಂಡನಿಗೆ ಅಲ್ಲಿ ಕೆಲಸವಿರಲಿಲ್ಲ. ಅವಲಂಬಿತರ ಶುಲ್ಕ, ಬಾಡಿಗೆ, ಮಗುವಿನ ಶಾಲೆ ಇವನ್ನೆಲ್ಲ ಕಳೆದಾಗ ಉಳಿದ ಪಾಲು ಹುಬ್ಬಳ್ಳಿಯಲ್ಲಿ ಇಬ್ಬರೂ ದುಡಿದು ಉಳಿಸುವುದಕ್ಕಿಂತ ಹೆಚ್ಚಾಗಲಿಲ್ಲ. ಗಂಡನಿಗೆ ಶಾರ್ಜಾದಲ್ಲಿ ಕೆಲಸ ದೊರೆಯುವವರೆಗೆ ಒಂದು ವರ್ಷ ಕಾದರು. ಈಗ ಅವಳು ಅಲ್ಲಿ ಶಿಕ್ಷಕಿ. ಮಗು ಅದೇ ಶಾಲೆಯಲ್ಲಿ, ಅರ್ಧ ಶುಲ್ಕದಲ್ಲಿ. ಮನೆಯ ಬಾಡಿಗೆ ಒಂದೇ, ಸಂಬಳ ಎರಡು.

ಹಾನಗಲ್ಲಿನ ತರುಣಿ ಹೋಗಲಿಲ್ಲ. ಮಾಲ್ದೀವಿನ ಒಂದು ದ್ವೀಪದಿಂದ ಕರೆ ಬಂದಿತ್ತು. ಅಲ್ಲಿಂದ ಮಾಲೆಗೆ ದೋಣಿ, ಮಾಲೆಯಿಂದ ವಿಮಾನ, ಬೆಂಗಳೂರಿನಿಂದ ಹಾನಗಲ್ಲಿಗೆ ಒಂದು ರಾತ್ರಿಯ ಬಸ್ಸು. ತಂದೆಗೆ ಎರಡನೆಯ ಸಲ ಹೊಡೆತ ಬಂದರೆ ತಾನು ಮುಟ್ಟುವುದು ಯಾವಾಗ ಎಂದು ಎಣಿಸಿದಳು, ಎರಡು ದಿನಗಳಾದವು. ತಿಂಗಳಿಗೆ ಕಳುಹಿಸಬಹುದಾದ ಹಣದ ಮಿತಿಯನ್ನೂ ಕೇಳಿ ತಿಳಿದಳು; ತಂದೆಯ ಔಷಧಿಗೆ, ಮನೆಯಲ್ಲಿ ಇಡಬೇಕಾದ ಆಳಿಗೆ ಅದು ಸಾಲುವಂತಿರಲಿಲ್ಲ. ಈಗ ಹಳ್ಳಿಯ ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದು, ರಾತ್ರಿ ತಂದೆ ಮಲಗಿದ ಮೇಲೆ ಸರಕಾರದ ಪರೀಕ್ಷೆಗೆ ಓದುತ್ತಾಳೆ. ಅವಳ ನಿರ್ಣಯವನ್ನು ಹೇಡಿತನವೆಂದವರಿದ್ದಾರೆ. ಅಂಥವರು ಆ ಎರಡು ದಿನಗಳ ಲೆಕ್ಕವನ್ನು ಮಾಡಿದವರಲ್ಲ.

ಹಿರೇಕೆರೂರಿನ ರೈತನ ಮಗನ ಮುಂದೆ ಎರಡು ಕರಾರುಗಳಿದ್ದವು: ದುಬೈಯ ದೊಡ್ಡ ಸಂಬಳ, ಕೋಣೆಯಿಲ್ಲ; ಒಮಾನಿನ ಒಳನಾಡಿನ ಸಣ್ಣ ಸಂಬಳ, ಕೋಣೆಯೂ ಟಿಕೇಟೂ ಶಾಲೆಯದು. ಅವನು ಎರಡನೆಯದನ್ನು ಒಪ್ಪಿದ. ಓಣಿಯಲ್ಲಿ ದುಬೈ ಎಂದು ಹೇಳಿಕೊಳ್ಳುವ ಸಂತೋಷ ತಪ್ಪಿತೆಂದು ತಾಯಿಗೆ ಸ್ವಲ್ಪ ಬೇಸರ. ಹೊರಡುವ ವಾರ ತಂದೆ ಕೇಳಿದ್ದು ಸಂಬಳವನ್ನಲ್ಲ; “ತಮ್ಮಾ, ಎಷ್ಟು ವರ್ಷಪ್ಪಾ?” ಎಂದು. ಮಗ ಗೋಡೆಯ ಕ್ಯಾಲೆಂಡರನ್ನು ತೆಗೆದು ಅದರ ಬೆನ್ನಮೇಲೆ ಮೂರು ಸಾಲು ಬರೆದ. ಮೊದಲನೆಯದು ಸೊಸೈಟಿಯ ಸಾಲ, ಎರಡನೆಯದು ತಂಗಿಯ ಮದುವೆ, ಮೂರನೆಯದು ಕೊಳವೆಬಾವಿ. ಮೂರರ ಎದುರಿಗೂ ರೂಪಾಯಿಯ ಅಂಕೆ. ಕೆಳಗೆ ಒಟ್ಟು ಮೊತ್ತ. ಅದರ ಕೆಳಗೆ ‘ನಾಲ್ಕು ವರ್ಷ’ ಎಂದು ಬರೆದು ಸಹಿ ಮಾಡಿದ. ಈಗ ಪ್ರತಿ ತಿಂಗಳೂ ಬ್ಯಾಂಕಿನಿಂದ ಬಂದ ಮೇಲೆ ಅವನ ತಂದೆ ಆ ಕ್ಯಾಲೆಂಡರನ್ನು ತಿರುಗಿಸಿ ಬಂದ ಹಣವನ್ನು ಗುರುತು ಹಾಕುತ್ತಾನೆ. ಸೊಸೈಟಿಯ ಸಾಲಿನ ಮೇಲೆ ಕಳೆದ ಯುಗಾದಿಗೆ ಅಡ್ಡಗೆರೆ ಬಿದ್ದಿದೆ.